ಸಕ್ಕರೆಯ ಮಂಟಪ, ಶುಂಠಿಯ ಮನೆ

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರಿನ ಕೆಲವು ಬೇಕರಿಗಳ ಗಾಜಿನ ಕಪಾಟಿನಲ್ಲಿ ಪುಟ್ಟದೊಂದು ಕಂದು ಮನೆ ಕಾಣಿಸಿಕೊಳ್ಳುತ್ತದೆ. ಶುಂಠಿ ಬೆರೆಸಿದ ಬಿಸ್ಕತ್ತಿನ ಗೋಡೆ, ಮಾಡಿನಿಂದ ಹಿಮದಂತೆ ಇಳಿಬಿದ್ದ ಬಿಳಿ ಸಕ್ಕರೆ, ಬಾಗಿಲಿನ ಸುತ್ತ ಬಣ್ಣಬಣ್ಣದ ಪೆಪ್ಪರಮಿಂಟು. ಜಿಂಜರ್‌ಬ್ರೆಡ್ ಮನೆ ಎಂದು ಅದರ ಹೆಸರು. ಕ್ರಿಸ್‌ಮಸ್ ಕಳೆದು ಮೂರು ವಾರವಾಗುವಷ್ಟರಲ್ಲಿ ಸಂಕ್ರಾಂತಿ. ಆಗ ಕೊಳ್ಳೇಗಾಲದಂಥ ಊರುಗಳ ಅಂಗಡಿಗಳಲ್ಲಿ ಎಳ್ಳುಬೆಲ್ಲದ ಪೊಟ್ಟಣಗಳ ಪಕ್ಕ ಸಕ್ಕರೆ ಅಚ್ಚುಗಳು ಬಂದು ಕೂರುತ್ತವೆ. ಅವುಗಳಲ್ಲಿ ಆನೆಯಿದೆ, ಹಂಸವಿದೆ, ಮೀನಿದೆ. ಜೊತೆಗೆ ಹೆಬ್ಬೆರಳಿನಷ್ಟು ಎತ್ತರದ ಗೋಪುರ, ತುಳಸಿಕಟ್ಟೆ, ಮಂಟಪಗಳೂ ಇವೆ. ಮೊದಲನೆಯದನ್ನು ನಾವು ವಿದೇಶಿ ಎನ್ನುತ್ತೇವೆ, ಎರಡನೆಯದನ್ನು ಸಂಪ್ರದಾಯ ಎನ್ನುತ್ತೇವೆ. ಎರಡೂ ತಿನ್ನುವುದಕ್ಕೆಂದೇ ಕಟ್ಟಿದ ಕಟ್ಟಡಗಳು. ಎರಡರ ಚರಿತ್ರೆಯನ್ನೂ ಹಿಂದಕ್ಕೆ ಹಿಡಿದು ಹೋದರೆ ಒಂದೇ ಕಬ್ಬಿನ ಗದ್ದೆಯ ಬದುವಿಗೆ ಬಂದು ನಿಲ್ಲುತ್ತೇವೆ.

ಕಟ್ಟಡವೆಂದರೆ ಉಳಿಯಬೇಕಾದದ್ದು, ತಿಂಡಿಯೆಂದರೆ ಮುಗಿಯಬೇಕಾದದ್ದು. ಮುಗಿಯುವ ವಸ್ತುವಿನಲ್ಲಿ ಉಳಿಯುವುದರ ರೂಪವನ್ನು ಮಾಡಿ, ಅಲಂಕರಿಸಿ, ಮತ್ತೆ ತಿಂದು ಮುಗಿಸುವ ಈ ಆಟ ಯಾಕೆ ಹುಟ್ಟಿತು? ಯಾರಿಗಾಗಿ? ಈ ಪ್ರಶ್ನೆ ಕೇಳಿಕೊಂಡರೆ ಸಿಹಿಯ ಚರಿತ್ರೆಯೊಳಗೆ ಹಸಿವಿನ ಚರಿತ್ರೆಯೂ ಕಾಣತೊಡಗುತ್ತದೆ.

ಮೊದಲು ನಮ್ಮ ಮಂಟಪ ಹೇಗೆ ಏಳುತ್ತದೆಂದು ನೋಡೋಣ. ಹಳೇ ಮೈಸೂರು ಸೀಮೆಯ ಹಲವು ಮನೆಗಳ ಅಟ್ಟದ ಮೇಲೆ ಬಟ್ಟೆಯ ಗಂಟಿನಲ್ಲಿ ಮರದ ಅಚ್ಚುಗಳಿರುತ್ತಿದ್ದವು. ಸಾಮಾನ್ಯವಾಗಿ ತೇಗದ ಮರದವು. ಒಂದೊಂದು ಅಚ್ಚೂ ಎರಡು ಹೋಳು, ಕೆಲವು ಮೂರು ಹೋಳು. ಒಳಮೈಯಲ್ಲಿ ಅರ್ಧ ಆನೆ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಹಬ್ಬಕ್ಕೆ ವಾರ ಹತ್ತು ದಿನ ಇರುವಾಗ ಅವನ್ನು ಕೆಳಗಿಳಿಸಿ ತೊಳೆದು ನೀರಿನಲ್ಲಿ ನೆನೆಹಾಕುತ್ತಾರೆ. ಒಣಮರಕ್ಕೆ ಪಾಕ ಕಚ್ಚಿಕೊಳ್ಳುತ್ತದೆ. ನೀರು ಕುಡಿದ ಮರ ಕಚ್ಚಿಕೊಳ್ಳದೆ ಬಿಟ್ಟುಕೊಡುತ್ತದೆ. ನೆನೆದ ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯುತ್ತಾರೆ, ಈಗಾದರೆ ರಬ್ಬರ್ ಬ್ಯಾಂಡು.

ಸಕ್ಕರೆಗೆ ನೀರು ಹಾಕಿ ಒಲೆಯ ಮೇಲಿಟ್ಟು ಕುದಿ ಬರುವಾಗ ಸ್ವಲ್ಪ ಹಾಲು ಹಾಕುತ್ತಾರೆ. ಹಾಲು ಒಡೆದು, ಸಕ್ಕರೆಯಲ್ಲಿದ್ದ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲಕ್ಕೆ ತೇಲುತ್ತದೆ. ಅದನ್ನು ತೆಗೆದುಹಾಕಿ, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸೋಸಿದರೆ ಪಾಕ ಗಾಜಿನಂತೆ ತಿಳಿಯಾಗುತ್ತದೆ. ನಿಜವಾದ ಕಷ್ಟ ಇರುವುದು ಮುಂದಿನ ಎರಡು ನಿಮಿಷಗಳಲ್ಲಿ. ಸೋಸಿದ ಪಾಕದಲ್ಲಿ ಒಂದೆರಡು ಸೌಟಿನಷ್ಟನ್ನು ಮಾತ್ರ ಚಿಕ್ಕ ಬಾಣಲೆಗೆ ಹಾಕಿಕೊಂಡು, ನಾಲ್ಕು ಹನಿ ನಿಂಬೆರಸ ಬಿಟ್ಟು, ಕೈಬಿಡದೆ ತಿರುವಬೇಕು. ಬಾಣಲೆಯ ಅಂಚಿನಲ್ಲಿ ಪಾಕ ಬೆಳ್ಳಗಾಗಿ ಹರಳುಗಟ್ಟಲು ಶುರುವಾಗುವ ಗಳಿಗೆಯೊಂದಿದೆ. ಅದಕ್ಕಿಂತ ಮುಂಚೆ ಸುರಿದರೆ ಅಚ್ಚು ಗಟ್ಟಿಯಾಗದೆ ಜೋಲುತ್ತದೆ. ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ, ಮತ್ತೆ ನೀರು ಹಾಕಿ ಮೊದಲಿನಿಂದ ಆರಂಭಿಸಬೇಕು. ಸರಿಯಾದ ಹದದಲ್ಲಿ ಸುರಿದರೆ ಕೆಲವೇ ನಿಮಿಷ. ದಾರ ಬಿಚ್ಚಿ ಹೋಳುಗಳನ್ನು ಬಿಡಿಸಿದರೆ ಒಳಗೆ ಬೆಳ್ಳನೆಯ ಮಂಟಪ ನಿಂತಿರುತ್ತದೆ.

ಇದರ ಹಿಂದಿರುವುದು ಹರಳುಗಳ ವಿಜ್ಞಾನ. ಬಿಸಿ ನೀರು ತಣ್ಣೀರಿಗಿಂತ ಹೆಚ್ಚು ಸಕ್ಕರೆಯನ್ನು ಕರಗಿಸಿಟ್ಟುಕೊಳ್ಳುತ್ತದೆ. ಕುದಿದು ನೀರು ಆರಿದಂತೆ, ತಣಿದಂತೆ, ಆ ಸಕ್ಕರೆಗೆ ಹೊರಬರುವ ಆತುರ. ಸುಮ್ಮನೆ ಬಿಟ್ಟರೆ ಅದು ದೊಡ್ಡ ದೊಡ್ಡ ಹರಳಾಗಿ ಬೆಳೆಯುತ್ತದೆ, ಅದೇ ಕಲ್ಲುಸಕ್ಕರೆ. ಬಿಡದೆ ತಿರುವಿದರೆ ಒಮ್ಮೆಗೇ ಲಕ್ಷಾಂತರ ಸಣ್ಣ ಹರಳುಗಳು ಹುಟ್ಟಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಅದೇ ಸಕ್ಕರೆ ಅಚ್ಚು. ನಿಂಬೆಯ ಹುಳಿ ಹರಳುಗಳು ದಪ್ಪವಾಗದಂತೆ ತಡೆಯುತ್ತದೆ. ಈ ವಿವರಗಳನ್ನು ಯಾರೂ ಬರೆದಿಟ್ಟು ಕಲಿಸಲಿಲ್ಲ. ಅತ್ತೆಯ ಪಕ್ಕ ನಿಂತ ಸೊಸೆ, ಅಜ್ಜಿಯ ಪಕ್ಕ ನಿಂತ ಮೊಮ್ಮಗಳು ಬಾಣಲೆಯ ಅಂಚನ್ನು ನೋಡುತ್ತಲೇ ಕಲಿತರು. ಒಬ್ಬರು ತಿರುವಬೇಕು, ಇನ್ನೊಬ್ಬರು ಅಚ್ಚು ಹಿಡಿದು ಕಾದಿರಬೇಕು. ಒಂಟಿಯಾಗಿ ಮಾಡುವುದು ಕಷ್ಟವಾದ ಕೆಲಸವಿದು.

ಅಚ್ಚು ಕೊರೆದ ಬಡಗಿಗೆ ಮಾದರಿಗಳು ಸುತ್ತಲೇ ಇದ್ದವು. ಯಳಂದೂರಿನ ಗೌರೀಶ್ವರ ದೇವಸ್ಥಾನದ ಮುಂದಿನ ಬಳೆ ಮಂಟಪದಲ್ಲಿ ಒಂದೇ ಕಲ್ಲಿನಲ್ಲಿ ಬಳೆ ಬಳೆಯಾಗಿ ಬಿಡಿಸಿದ ಸರಪಳಿಯನ್ನು ಇವತ್ತಿಗೂ ನೋಡಬಹುದು. ಕಲ್ಲುಕುಟಿಗ ಉಳಿಯಲಿ ಎಂದು ಕೆತ್ತಿದ. ಅಚ್ಚಿನ ಮಂಟಪವಾದರೋ ಹಬ್ಬದ ಮರುದಿನ ಮಗುವಿನ ಬಾಯಲ್ಲಿ ಕರಗಲೆಂದು ಎದ್ದು ನಿಂತದ್ದು.

ಈ ಮಂಟಪ ಎದ್ದಿರುವ ಸಕ್ಕರೆಯ ಹಾದಿ ಬಹಳ ಉದ್ದವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರ ಕಬ್ಬಿನ ರಸದಿಂದ ಬರುವ ಪದಾರ್ಥಗಳನ್ನು ಸಾಲಾಗಿ ಹೆಸರಿಸುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಈ ಪಟ್ಟಿಯ ಒಂದೊಂದು ಹೆಸರೂ ಒಂದೊಂದು ದಿಕ್ಕಿಗೆ ಹೊರಟಿತು. ಶರ್ಕರಾ ನಮ್ಮಲ್ಲಿ ಸಕ್ಕರೆಯಾಯಿತು, ಪರ್ಷಿಯಾ, ಅರೇಬಿಯಾಗಳ ಮೂಲಕ ಹೋಗಿ ಇಂಗ್ಲಿಷಿನ ಶುಗರ್ ಆಯಿತು. ಖಂಡ ಅದೇ ಹಾದಿಯಲ್ಲಿ ಹೋಗಿ ಕ್ಯಾಂಡಿಯಾಯಿತು. ಫಾಣಿತ ಅರಬರ ಬಾಯಲ್ಲಿ ಫಾನಿದ್ ಆಗಿ, ಸ್ಪೇನಿಗೆ ಹೋಗಿ ಅಲ್ಫೆನಿಕೆ ಆಗಿ, ಅಲ್ಲಿಂದ ಸಮುದ್ರ ದಾಟಿ ಮೆಕ್ಸಿಕೋ ಸೇರಿತು. ಮೆಕ್ಸಿಕೋದಲ್ಲಿ ಸತ್ತವರ ಹಬ್ಬಕ್ಕೆ ಅಚ್ಚಿನಲ್ಲಿ ಎರೆಯುವ ಸಕ್ಕರೆಯ ತಲೆಬುರುಡೆಗಳಿಗೆ ಇವತ್ತೂ ಅದೇ ಹೆಸರು. ನಮ್ಮ ಆನೆ, ಹಂಸಗಳಿಗೆ ದೂರದ ದಾಯಾದಿಗಳು ಅವು. ಶುಂಠಿಯ ಕಥೆಯೂ ಹೀಗೆಯೇ. ಜಿಂಜರ್ ಎಂಬ ಮಾತು ಗ್ರೀಕರ ಮೂಲಕ, ಪ್ರಾಕೃತದ ಮೂಲಕ, ದಕ್ಷಿಣ ಭಾರತದ ಇಂಜಿ ಎಂಬ ಮಾತಿಗೇ ಬಂದು ತಲುಪುತ್ತದೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಬೇಕರಿಯ ಕಪಾಟಿನಲ್ಲಿರುವ ಆ ಕಂದು ಮನೆಯ ಗೋಡೆಯ ಘಮವೂ ಮಾಡಿನ ಸಕ್ಕರೆಯೂ ತಮ್ಮ ಹೆಸರುಗಳನ್ನು ಇಲ್ಲಿಂದಲೇ ಹೊತ್ತುಕೊಂಡು ಹೋದವು.

ಸಕ್ಕರೆಯಲ್ಲಿ ರೂಪ ಕಟ್ಟುವ ಕಲೆ ಮೊದಲು ಬೆಳೆದದ್ದು ಅರಮನೆಗಳಲ್ಲಿ. 11ನೆಯ ಶತಮಾನದಲ್ಲಿ ಕೈರೋಗೆ ಹೋಗಿದ್ದ ಪರ್ಷಿಯಾದ ಪ್ರವಾಸಿ ನಾಸಿರ್ ಖುಸ್ರೋ, ಅಲ್ಲಿನ ಫಾತಿಮಿದ್ ದೊರೆಯ ಹಬ್ಬದೂಟದಲ್ಲಿ ಕೊಂಬೆ, ಎಲೆ, ಹಣ್ಣು ಎಲ್ಲವೂ ಸಕ್ಕರೆಯದೇ ಆದ ಕಿತ್ತಳೆ ಮರವನ್ನು ಕಂಡದ್ದಾಗಿ ಬರೆದಿದ್ದಾನೆ. ಮುಂದೆ ಯುರೋಪಿನ ರಾಜರ ಔತಣಗಳಲ್ಲೂ ಸಕ್ಕರೆಯ ಕೋಟೆಗಳು ಎದ್ದವು. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಸಕ್ಕರೆಯ ಕೋಟೆ ಎಂದರೆ ಸಂಪತ್ತನ್ನು ಮೇಜಿನ ಮೇಲೆ ನಿಲ್ಲಿಸಿ ತೋರಿಸುವ ಬಗೆ. ಸಾಮಾನ್ಯರಿಗೆ ದಕ್ಕಿದ್ದು ಜೇನು, ಹಿಟ್ಟು, ಮಸಾಲೆ ಸೇರಿದ ರೊಟ್ಟಿ. ಜರ್ಮನಿಯ ನ್ಯೂರೆಂಬರ್ಗ್ ಇದಕ್ಕೆ ಹೆಸರಾದ ಊರು. 1643ರಲ್ಲಿ ಅಲ್ಲಿ ಲೆಬ್‌ಕುಕೆನ್ ಎಂಬ ಈ ಮಸಾಲೆ ರೊಟ್ಟಿ ಸುಡುವವರದ್ದೇ ಪ್ರತ್ಯೇಕ ಸಂಘವಾಯಿತು. ಪೋಲೆಂಡಿನ ತೋರುನ್ ಪಟ್ಟಣದ್ದೂ ಇಂಥದೇ ಖ್ಯಾತಿ. ಅಲ್ಲಿಯೂ ಹಿಟ್ಟನ್ನು ಒತ್ತುತ್ತಿದ್ದದ್ದು ಕೊರೆದ ಮರದ ಅಚ್ಚುಗಳಲ್ಲೇ. ಆ ಅಚ್ಚುಗಳನ್ನು ತಲೆಮಾರುಗಳ ಕಾಲ ಜೋಪಾನ ಮಾಡಿದ್ದರು, ನಮ್ಮ ಅಟ್ಟದ ಗಂಟುಗಳ ಹಾಗೆಯೇ.

ರೊಟ್ಟಿ ಮನೆಯಾದದ್ದು ಒಂದು ಕಥೆಯಿಂದ. ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ಜನಪದ ಕಥೆಗಳಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣ ತಂಗಿಯರದ್ದೂ ಒಂದು. ಕಾಡಿನ ನಡುವೆ ಅವರಿಗೆ ಸಿಗುವ ಮಾಟಗಾತಿಯ ಮನೆಯ ಗೋಡೆ ರೊಟ್ಟಿಯದು, ಮಾಡು ಕೇಕಿನದು, ಕಿಟಕಿ ಸಕ್ಕರೆಯದು. ಕಥೆ ಜನಪ್ರಿಯವಾದ ಮೇಲೆ ಜರ್ಮನಿಯ ರೊಟ್ಟಿಗಾರರು ಅಂಥ ಮನೆಗಳನ್ನು ಮಸಾಲೆ ರೊಟ್ಟಿಯ ಹಲಗೆಗಳಲ್ಲಿ ಕಟ್ಟತೊಡಗಿದರು. 1893ರಲ್ಲಿ ಹುಂಪರ್ಡಿಂಕ್‌ನ ಗೀತನಾಟಕ ರಂಗಕ್ಕೆ ಬಂದು ಆ ಮನೆಗೂ ಕ್ರಿಸ್‌ಮಸ್‌ಗೂ ನಂಟು ಬಲವಾಯಿತು. ಅಷ್ಟರಲ್ಲಿ ಸಕ್ಕರೆಯೂ ಅಗ್ಗವಾಗಿತ್ತು. ಅದಕ್ಕೆ ಎರಡು ಕಾರಣ. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಗಳು 19ನೆಯ ಶತಮಾನದಲ್ಲಿ ಯುರೋಪಿನಲ್ಲೇ ಹುಟ್ಟಿದವು. ಅದಕ್ಕೂ ಮುಂಚಿನ ಕಾರಣ ಕಹಿಯಾದದ್ದು: ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿತ. ಹಿಮದಂತೆ ಕಾಣುವ ಆ ಬಿಳುಪಿನ ಕೆಳಗೆ ಆ ಲೆಕ್ಕವೂ ಇದೆ.

ಗ್ರಿಮ್ ಕಥೆಯ ಆರಂಭವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಆ ಮಕ್ಕಳು ಕಾಡಿಗೆ ಆಟವಾಡಲು ಹೋದವರಲ್ಲ. ದೇಶದಲ್ಲಿ ಬರ ಬಂದಿದೆ, ಮನೆಯಲ್ಲಿ ನಾಲ್ಕು ಹೊಟ್ಟೆಗೆ ಸಾಲುವಷ್ಟು ರೊಟ್ಟಿಯಿಲ್ಲ, ಹಾಗಾಗಿ ಹೆತ್ತವರೇ ಅವರನ್ನು ಕಾಡಿನಲ್ಲಿ ಬಿಟ್ಟು ಬರುತ್ತಾರೆ. ಹಸಿದ ಮಗುವಿನ ಕಣ್ಣಿಗೆ ಮಾತ್ರ ಕಾಣಬಹುದಾದ ಮನೆ ಅದು. ಗೋಡೆಯೇ ಊಟ, ಸೂರೇ ಊಟ. ನಾವು ಅಲಂಕಾರವೆಂದು ನೋಡುವುದು ಹುಟ್ಟಿನಲ್ಲಿ ಹೊಟ್ಟೆಗಿಲ್ಲದವರ ಕನಸು.

ಆ ಕನಸು ಅರ್ಥವಾಗಲು ಕಾವೇರಿ ಸೀಮೆಯವರು ಜರ್ಮನಿಗೆ ಹೋಗಬೇಕಿಲ್ಲ. 1876ರಿಂದ 78ರವರೆಗಿನ ಬರ, ಜನರ ಬಾಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರ, ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತ್ಯವನ್ನೂ ಒಟ್ಟಿಗೆ ಬಡಿಯಿತು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಯಳಂದೂರು ಮೈಸೂರಿಗೆ ಸೇರಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದು. ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಕೊಳ್ಳೇಗಾಲ, ಹನೂರಿನ ಕಡೆಯನ್ನೂ ಸೇರಿಸಿಕೊಂಡು, ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಗಡಿ ಸರ್ಕಾರಗಳಿಗಿತ್ತು. ಬರಕ್ಕೆ ಇರಲಿಲ್ಲ.

ಇಂಥ ಸೀಮೆಯಲ್ಲಿ ಬಿಳಿ ಸಕ್ಕರೆ ಎಲ್ಲರ ಅಡುಗೆಮನೆಯ ವಸ್ತುವಾದದ್ದು ಬಹಳ ತಡವಾಗಿ. ಕಬ್ಬು ಇತ್ತು, ಆಲೆಮನೆ ಇತ್ತು, ಬೆಲ್ಲ ಇತ್ತು. ಸಕ್ಕರೆ ಬೇರೆಯೇ ದರ್ಜೆಯದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆ ಚೀನಾದ್ದಕ್ಕೆ ಸಮನಾದದ್ದೆಂದು ಹೊಗಳುತ್ತಾನೆ.  1847ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರ ಬೆಲ್ಲವನ್ನು ಕೊಂಡು ಶುದ್ಧಮಾಡಿ ತೆಗೆದ ಅಲ್ಲಿನ ಸಕ್ಕರೆಗೆ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಹುಮಾನವೂ ಬಂತು. ಲಂಡನ್ನಿನಲ್ಲಿ ಬಹುಮಾನ ಪಡೆದ ಸಕ್ಕರೆ ಹನೂರಿನ ಒಕ್ಕಲು ಮಕ್ಕಳ ನಾಲಿಗೆಗೆ ತಾಗುವುದು ಬೇರೆಯ ಮಾತು.

ಅದು ಬದಲಾದದ್ದು 1930ರ ದಶಕದಲ್ಲಿ. ಅಲ್ಲಿಯವರೆಗೆ ಭಾರತದ ಪೇಟೆಗಳಿಗೆ ಸಕ್ಕರೆ ಹೆಚ್ಚಾಗಿ ಜಾವಾದಿಂದ ಹಡಗಿನಲ್ಲಿ ಬರುತ್ತಿತ್ತು. 1932ರ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಆಮದಿಗೆ ಸುಂಕ ಹಾಕಿತು. ದೇಶದಲ್ಲಿ ಸುಮಾರು 30 ಇದ್ದ ಸಕ್ಕರೆ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ನೂರನ್ನು ಮೀರಿದವು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಹರಿದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅಚ್ಚು ಮಾಡುವ ಕಲೆ ಇದಕ್ಕಿಂತ ಹಳೆಯದಿರಬಹುದು. ಆದರೆ ಮಧ್ಯಮ ವರ್ಗದ ಮನೆಯೊಂದು ಎರಡು ಮೂರು ಸೇರು ಸಕ್ಕರೆಯನ್ನು ಬರೀ ಗೊಂಬೆ ಮಾಡಲು ತೆಗೆದಿಡಬೇಕಾದರೆ ಮಂಡ್ಯದ ಚಿಮಣಿ ಹೊಗೆಯಾಡಬೇಕಿತ್ತು. ಆಮೇಲೂ ದಾರಿ ಸಲೀಸಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂತು. 1967ರ ನಂತರ ಭಾಗಶಃ ನಿಯಂತ್ರಣ ತೆಗೆದಾಗ ಒಂದೇ ಸಕ್ಕರೆಗೆ ಎರಡು ಬೆಲೆಯಾದವು, ನ್ಯಾಯಬೆಲೆ ಅಂಗಡಿಯದೊಂದು, ಪೇಟೆಯದೊಂದು. ಕಾರ್ಡಿನ ಸಕ್ಕರೆಯನ್ನು ಅಳೆದು ಬಳಸುತ್ತಿದ್ದ ಮನೆಗಳಲ್ಲಿ ಸಂಕ್ರಾಂತಿಯ ಮಂಟಪವೆಂದರೆ ಕಾಫಿಯಿಂದ, ಪಾಯಸದಿಂದ ಉಳಿಸಿದ ಸಿಹಿ. ಈಗ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲೇ ಸಕ್ಕರೆ ಕಾರ್ಖಾನೆಯಿದೆ, ಕಬ್ಬಿನ ಗಾಡಿ, ಲಾರಿಗಳು ಆ ರಸ್ತೆಯ ದಿನನಿತ್ಯದ ನೋಟ. ಅಭಾವ ಮುಗಿದ ಕಾಲಕ್ಕೇ ಅಚ್ಚುಗಳು ಅಟ್ಟ ಸೇರಿದವು ಎಂಬುದು ಯೋಚಿಸಬೇಕಾದ ಸಂಗತಿ.

ಯಾರಿಗಾಗಿ ಎಂಬ ಪ್ರಶ್ನೆ ಉಳಿದಿದೆ. ಸಕ್ಕರೆ ಅಚ್ಚನ್ನು ಮಾಡಿದವರು ತಾವೇ ತಿನ್ನಲು ಮಾಡುವುದಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಕಬ್ಬಿನ ತುಂಡು, ಬಾಳೆಹಣ್ಣುಗಳ ಜೊತೆ ತಟ್ಟೆಯಲ್ಲಿಟ್ಟು, ಹೆಣ್ಣುಮಕ್ಕಳು ಹೊಸ ಲಂಗ ತೊಟ್ಟು ಮನೆಮನೆಗೆ ಒಯ್ಯುತ್ತಾರೆ. ಎಳ್ಳು ಬೀರುವುದು ಎಂದರೆ ಇದೇ. ಕೊಟ್ಟವರ ತಟ್ಟೆಗೆ ಅವರ ಮನೆಯ ಅಚ್ಚು ಬಂದು ಬೀಳುತ್ತದೆ. ಸಂಜೆಯ ಹೊತ್ತಿಗೆ ತಾವು ಮಾಡಿದ ಮಂಟಪಗಳೆಲ್ಲ ಬೇರೆಯವರ ಮನೆಯಲ್ಲಿ, ಬೇರೆಯವರ ಹಂಸ, ಗಿಳಿಗಳೆಲ್ಲ ತಮ್ಮ ಮನೆಯಲ್ಲಿ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು ಎಂಬ ಮಾತಿಗೆ ಇಂಥ ಓಡಾಟವೇ ಅರ್ಥ ಕೊಟ್ಟಿತು.

ಆದರೆ ತಟ್ಟೆ ಹೋಗುವ ದಾರಿಗೂ ಒಂದು ಗೆರೆಯಿತ್ತು. ಜಾತಿಯ ಗೆರೆ ಇತ್ತು. ಒಂದೇ ಊರಿನಲ್ಲಿ ತಟ್ಟೆ ಹೋಗುವ ಕೇರಿ, ಹೋಗದ ಕೇರಿ ಎಂದಿತ್ತು. ಮನೆಯೊಳಗೂ ಗೆರೆ ಇತ್ತು. ಅರಿಶಿನ ಕುಂಕುಮದ ಜೊತೆ ಸಾಗುವ ಸಿಹಿಯಾದ್ದರಿಂದ ಗಂಡ ಸತ್ತ ಹೆಂಗಸು ತಟ್ಟೆ ಹಿಡಿದು ಹೊರಡುವಂತಿರಲಿಲ್ಲ. ಒಲೆಯ ಮುಂದೆ ಕೂತು ಪಾಕದ ಹದ ಹೇಳುವ ಅಜ್ಜಿಯೇ ಎಷ್ಟೋ ಮನೆಗಳಲ್ಲಿ ಆ ತಟ್ಟೆಯ ಸಂಭ್ರಮದ ಹೊರಗೆ ನಿಂತವಳು. ಇನ್ನು ಅದೇ ಸಂಜೆ ಊರ ಬಯಲಿನಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದ ಒಕ್ಕಲು ಮನೆಗಳ, ಕೂಲಿ ಮನೆಗಳ ಸಂಕ್ರಾಂತಿ ಬೇರೆಯೇ. ಅವರಲ್ಲಿ ಹಲವರಿಗೆ ಹಬ್ಬವೆಂದರೆ ತೊಳೆದು ಅರಿಶಿನ ಬಳಿದ ಎತ್ತುಗಳು, ಹೊಸ ಬೆಳೆಯ ಸಿಹಿಯಡುಗೆ. ಸಕ್ಕರೆ ಅಚ್ಚನ್ನು ಕರ್ನಾಟಕದ ಸಂಪ್ರದಾಯ ಎಂದು ಒಂದೇ ಮಾತಿನಲ್ಲಿ ಹೇಳುವಾಗ ಈ ಗೆರೆಗಳು ಅಳಿಸಿಹೋಗುತ್ತವೆ. ಚರಿತ್ರೆ ಬರೆಯುವವರು ಅವನ್ನು ಎಳೆದು ತೋರಿಸಬೇಕು.

ಇದೇ ಸೀಮೆಯಲ್ಲಿ, ಹನೂರಿನಾಚೆಯ ಒಡೆಯರಪಾಳ್ಯದಲ್ಲಿ, ತಿನ್ನುವ ಕಟ್ಟಡದ ಇನ್ನೊಂದು ಪರಂಪರೆ ಬಂದು ನೆಲೆಯಾಗಿದೆ. 1974ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ಧೊಂಡೆನ್‌ಲಿಂಗ್ ವಸಾಹತು ಶುರುವಾಯಿತು. ಮುಸುಕಿನ ಜೋಳದ ಹೊಲಗಳ ನಡುವಿನ ಈ ವಸಾಹತಿನಲ್ಲಿ ಟಿಬೆಟನ್ ಹೊಸವರ್ಷವಾದ ಲೋಸರ್, ಸಂಕ್ರಾಂತಿ ಕಳೆದು ಕೆಲವು ವಾರಗಳಲ್ಲಿ ಬರುತ್ತದೆ. ಲೋಸರ್‌ಗೆ ಟಿಬೆಟನ್ನರು ಮೈದಾಹಿಟ್ಟಿನಲ್ಲಿ ಖಾಪ್ಸೆ ಎಂಬ ಕರಿದ ತಿನಿಸು ಮಾಡುತ್ತಾರೆ. ಅದರಲ್ಲಿ ಕತ್ತೆಯ ಕಿವಿ ಎಂದೇ ಹೆಸರಾದ ಉದ್ದನೆಯ ದೊಡ್ಡ ಖಾಪ್ಸೆಗಳನ್ನು ದೇವರ ಮುಂದೆ ಅಡ್ಡಡ್ಡ ಉದ್ದುದ್ದ ಪೇರಿಸಿ ಗೋಪುರ ಕಟ್ಟಿ, ಮೇಲೆ ಬಣ್ಣದ ಮಿಠಾಯಿ, ಒಣಹಣ್ಣು ಇಟ್ಟು ಸಿಂಗರಿಸುತ್ತಾರೆ. ಹಬ್ಬ ಮುಗಿದ ಮೇಲೆ ಗೋಪುರ ಬಿಚ್ಚಿ ಹಂಚಿಕೊಂಡು ತಿನ್ನುತ್ತಾರೆ. ಮಠಗಳಲ್ಲಿ ಬಾರ್ಲಿ ಹಿಟ್ಟು, ಬೆಣ್ಣೆಗಳಿಂದ ತೋರ್ಮಾ ಎಂಬ ನೈವೇದ್ಯದ ರೂಪಗಳು ಏಳುತ್ತವೆ. ಬಣ್ಣ ಕಲಸಿದ ಬೆಣ್ಣೆಯಲ್ಲಿ ಹೂವಿನ ಎಸಳು ಬಿಡಿಸುವ ಭಿಕ್ಷುಗಳು ಬೆಣ್ಣೆ ಕರಗದಿರಲೆಂದು ಬೆರಳನ್ನು ಆಗಾಗ ತಣ್ಣೀರಿಗೆ ಅದ್ದುತ್ತಾರೆ. ಹಿಮದ ನಾಡಿನ ಕಲೆಯನ್ನು ಬಿಸಿಲ ನಾಡಿನಲ್ಲಿ ಉಳಿಸಿಕೊಳ್ಳುವ ಕಷ್ಟ ಅದು. ಕಲ್ಲಿನ ಮನೆಮಠಗಳನ್ನು ಬಿಟ್ಟು ಬಂದವರು ಜೊತೆಗೆ ತರಬಹುದಾಗಿದ್ದ ಕಟ್ಟಡ ಇದೊಂದೇ. ಹಿಟ್ಟು ಎಲ್ಲಿಯಾದರೂ ಸಿಗುತ್ತದೆ, ರೂಪ ಕೈಯಲ್ಲಿರುತ್ತದೆ.

ಈಗ ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ಕೇಕ್ ಪ್ರದರ್ಶನ ನಡೆಯುತ್ತದೆ. ಆಳೆತ್ತರ ಮೀರಿದ ಸಕ್ಕರೆಯ ಕಟ್ಟಡಗಳನ್ನು ಜನ ಟಿಕೆಟ್ ಕೊಂಡು ನೋಡುತ್ತಾರೆ. ಕೆಲಸಗಾರಿಕೆ ಬೆರಗು ಹುಟ್ಟಿಸುತ್ತದೆ, ಆದರೆ ಅವು ಯಾರ ಬಾಯಿಗೂ ಬೀಳುವುದಿಲ್ಲ. ಕೈರೋದ ಕಿತ್ತಳೆ ಮರದ ವಂಶ ಅದು. ಮನೆಯಲ್ಲಿ ಕಟ್ಟುವ ಶುಂಠಿಯ ಮನೆ, ಸಕ್ಕರೆಯ ಮಂಟಪಗಳದ್ದು ಇನ್ನೊಂದು ವಂಶ. ಗೋಡೆ ಸ್ವಲ್ಪ ವಾಲಿರುತ್ತದೆ, ಹಂಸದ ಕೊಕ್ಕು ಮುರಿದಿರುತ್ತದೆ. ಮುರಿದದ್ದನ್ನು ತಿನ್ನಲು ಮಕ್ಕಳು ಒಲೆಯ ಹತ್ತಿರವೇ ಕಾದಿರುತ್ತಾರೆ.

ಪೊಟ್ಟಣದ ಅಚ್ಚು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಪಾಕ ತಿರುವಿ ತಿರುವಿ ರಟ್ಟೆ ಸೋತ ಹೆಂಗಸರಿಗೆ ಅದು ಬಿಡುವು ಕೊಟ್ಟಿದೆ. ಸಂಪ್ರದಾಯದ ಹೆಸರಿನಲ್ಲಿ ಆ ದುಡಿತವನ್ನು ಮತ್ತೆ ಅವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅಚ್ಚು ಹಿಡಿಯಲು, ಬಾಣಲೆ ತಿರುವಲು ಗಂಡಸರಿಗೂ ಎರಡು ಕೈಗಳಿವೆ. ಮರದ ಅಚ್ಚು ನೂರು ವರ್ಷ ಬಾಳುತ್ತದೆ, ಅದರೊಳಗೆ ಹುಟ್ಟುವ ಮಂಟಪದ ಆಯಸ್ಸು ಕೆಲವು ದಿನ. ಹಾಗಾಗಿ ಪ್ರತಿ ವರ್ಷವೂ ಹೊಸದಾಗಿ ಎರೆಯಲೇಬೇಕು, ಪ್ರತಿ ವರ್ಷವೂ ಯಾರಿಗೆ ಕೊಡಬೇಕೆಂದು ಹೊಸದಾಗಿ ಎಣಿಸಲೇಬೇಕು. ಕಲ್ಲಿನ ಮಂಟಪಕ್ಕೆ ಇಲ್ಲದ ಅನುಕೂಲ ಇದು. ಹೋದ ವರ್ಷ ತಟ್ಟೆ ಹೋಗದಿದ್ದ ಮನೆಗೆ ಈ ವರ್ಷ ಹೋಗಬಹುದು. ಹದ ಹೇಳಿದ ಅಜ್ಜಿಯೇ ಆ ತಟ್ಟೆ ಹಿಡಿದು ಮುಂದೆ ನಡೆಯಬಹುದು.